ಚಿಕ್ಕಪ್ಪನ ಬ್ಲೂಟೂತ್ ಹುಚ್ಚು

ನಮ್ಮ ಚಿಕ್ಕಪ್ಪ ದೇವರನ್ನು ನಂಬುತ್ತಾರೋ ಇಲ್ಲವೋ, ಬ್ಲೂಟೂತನ್ನಂತೂ ನಂಬುತ್ತಾರೆ. ಅದು ಅವರನ್ನು ನಂಬುವುದಿಲ್ಲ ಎಂಬುದೇ ಕಷ್ಟ!

ಜಾವಳಿಯ ಅವರ ಕಾಫಿ ತೋಟದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಅದಕ್ಕೇ ಮನೆಗೊಂದು, ಮೇಸ್ತ್ರಿಗೊಂದು, ತಮಗೊಂದು ವಾಕಿಟಾಕಿ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಚಿಕ್ಕಮ್ಮ ಗಂಟಲಿನ ಆಪರೇಷನ್ ಮುಗಿಸಿ ಮನೆಗೆ ಬಂದದ್ದೇ ತಡ, ಇವರಿಗೆ ವಾಕಿಟಾಕಿಗೆ ಬ್ಲೂಟೂತ್ ಹೆಡ್‌ಸೆಟ್ ಜೋಡಿಸುವ ಹುಚ್ಚು ಹತ್ತಿತು. ತಮಗೊಂದು, ಚಿಕ್ಕಮ್ಮನಿಗೊಂದು. ಪಿಸುಮಾತಿಗಿಂತ ಮೇಲೆ ದನಿಯೇ ಏಳದ ಹೆಂಗಸಿಗೆ ಮೈಕು ಯಾಕೆ? ನಾವೆಲ್ಲ ತಲೆ ಚಚ್ಚಿಕೊಂಡೆವು.

ಹೆಡ್‌ಸೆಟ್ಟು ವಾಕಿಟಾಕಿಯೊಂದನ್ನು ಬಿಟ್ಟು ಮಿಕ್ಕೆಲ್ಲದಕ್ಕೂ ಸೇರಿಕೊಂಡಿತು.

"ಇದು ಫೋನಿಂದು ಸಾರ್, ವಾಕಿಟಾಕಿಗೆ ಬೇರೆ ಥರದ್ದು ಬೇಕು" ಎಂದ ಕೊಟ್ಟಿಗೆಹಾರದ ಮೊಬೈಲ್ ಅಂಗಡಿಯವನು.

"ಎರಡೂ ಮಾತಾಡೋ ಯಂತ್ರನೇ ಅಲ್ವಾ ಮಾರಾಯ? ಅದ್ರಲ್ಲೂ ಜಾತಿ ಉಂಟಾ?"

ಈಗ ಇವರ ಜೀಪಿನ ಸದ್ದು ಕೇಳಿದರೆ ಆತ ಟೀ ಕುಡಿಯಲು ಹೋಗಿಬಿಡುತ್ತಾನಂತೆ.

ಕೊನೆಗೆ ಬ್ಲೂಟೂತ್ ಇರುವ ವಾಕಿಟಾಕಿಗಳನ್ನೇ ತರಿಸಿದರು. ಮನೆಯ ಸೆಟ್ಟು ಚಿಕ್ಕಮ್ಮನ ಹೆಡ್‌ಸೆಟ್ ಬಿಟ್ಟು ದೇವರ ಕೋಣೆಯ ಭಜನೆ ಸ್ಪೀಕರನ್ನು ಹಿಡಿದುಕೊಂಡಿತು. ಅವತ್ತು ಮನೆಯಲ್ಲಿ ಗಣಹೋಮ. ಚಿಕ್ಕಪ್ಪ ತೋಟದಲ್ಲಿ ನಿಂತು ವಾಕಿಟಾಕಿಯಲ್ಲೇ ಮೇಸ್ತ್ರಿಯಿಂದ ಬಾಳೆಎಲೆ ಕೊಯ್ಯಿಸುತ್ತಿದ್ದರು. ಭಟ್ಟರು ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದಾರೆ, ದೇವರ ಪಟದ ಹಿಂದಿನಿಂದ ದನಿ ಗುಡುಗಿತು: "ಅಷ್ಟು ಸಾಕು ಮಾರಾಯ, ಮುಗಿಸು. ಓವರ್!"

ಭಟ್ಟರು ಬೆಚ್ಚಿ ಕೈಮುಗಿದರು. "ಇನ್ನೂ ಶುರುನೇ ಮಾಡಿಲ್ವಲ್ಲ ಸ್ವಾಮಿ..."

ವಾಕಿಟಾಕಿಯಲ್ಲಿ ಮಾತು ಮುಗಿಸಿದಾಗಲೆಲ್ಲ 'ಓವರ್' ಎನ್ನುವ ಈ ಚಾಳಿಯೂ ಅಷ್ಟೇ. ಮದುವೆ ಊಟದಲ್ಲಿ ಪಾಯಸ ಬಡಿಸುವವರಿಗೂ "ಸಾಕು, ಓವರ್" ಎನ್ನುತ್ತಾರೆ.

ಹೀಗೆ ನಕ್ಕ ನಮಗೆ ಒಂದು ವಿಷಯ ಮರೆತೇಹೋಗಿತ್ತು. ಚಿಕ್ಕಮ್ಮನ ಕೂಗು ಆ ಸೀಮೆಗೆಲ್ಲ ಹೆಸರುವಾಸಿ. ಮಧ್ಯಾಹ್ನ ಕಾಫಿ ಒಣಗಿಸುವ ಕಣದಲ್ಲಿ ನಿಂತು ಅವರು ಒಂದು 'ಕೂ' ಹಾಕಿದರೆ, ಆಚೆ ಗುಡ್ಡದಿಂದ ಚಿಕ್ಕಪ್ಪ ತಿರುಗಿ 'ಕೂ' ಎಂದು ಊಟಕ್ಕೆ ಹೊರಡುತ್ತಿದ್ದರು. ಆಪರೇಷನ್ ಆದ ಮೇಲೆ ಅದು ನಿಂತೇಹೋಗಿತ್ತು. ನಾವು ಯಾರು ಕರೆದರೂ ಚಿಕ್ಕಪ್ಪ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ.

ಮೊನ್ನೆ ನಾನು ಕಣದಲ್ಲಿದ್ದೆ. ಅಂತೂ ಹೆಡ್‌ಸೆಟ್ಟು ಸರಿಯಾಗಿ ಕೂಡಿಕೊಂಡಿತ್ತು. ಚಿಕ್ಕಮ್ಮ ಮೈಕನ್ನು ತುಟಿಯ ಹತ್ತಿರಕ್ಕೆ ಎಳೆದುಕೊಂಡು, ಗುಂಡಿ ಒತ್ತಿ, ಪಕ್ಕದಲ್ಲಿದ್ದ ನನಗೇ ನೆಟ್ಟಗೆ ಕೇಳದ ದನಿಯಲ್ಲಿ, "ಊಟಕ್ಕೆ ಬನ್ನಿ" ಎಂದರು. ಉತ್ತರವಿಲ್ಲ. ಅವರ ಮುಖ ಸಣ್ಣಗಾಯಿತು. ಇನ್ನೊಮ್ಮೆ, "ಸಾರು ಆರ್ತದೆ, ಬನ್ನಿ."

ವಾಕಿಟಾಕಿ ಸದ್ದು ಮಾಡಲಿಲ್ಲ. ಆಚೆ ಗುಡ್ಡದಿಂದ, ಯಾವ ಯಂತ್ರದ ಹಂಗೂ ಇಲ್ಲದೆ, ಚಿಕ್ಕಪ್ಪನ 'ಕೂ' ತೇಲಿಬಂತು.

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಗುಂಡಿ ಒತ್ತಿದರು.

"ಓವರ್" ಎಂದರು.