ಆರೂವರೆಗೆ ಸುದ್ದಿ ಇಲ್ಲದಿದ್ದರೆ ಹುಡುಕಲು ಹೊರಡುವುದು

ನಮ್ಮ ಚಿಕ್ಕಮ್ಮನನ್ನು ಇದುವರೆಗೆ ಯಾವ ಹುಲಿಯೂ ತಿಂದಿಲ್ಲ. ಅವರ ಧೈರ್ಯ ಕಂಡು ಹೆದರಿತೆಂದುಕೊಳ್ಳಬೇಡಿ. ಅವರನ್ನು ತಿನ್ನಬೇಕಾದರೆ ಹುಲಿ ಮೊದಲು ಲಿಖಿತ ಅರ್ಜಿ ಹಾಕಬೇಕು, ಸ್ವೀಕೃತಿ ಪಡೆಯಬೇಕು, ಆಮೇಲೆ ಕಾಯಬೇಕು. ಅಷ್ಟು ತಾಳ್ಮೆ ಯಾವ ಹುಲಿಗೆ ಉಂಟು ಹೇಳಿ!

ತಿರುವನಂತಪುರದ ಪಟ್ಟಂನಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಜೀವಮಾನವಿಡೀ ಫೈಲು ಸಾಕಿದವರು ಅವರು. ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೆ ಕಾಸರಗೋಡಿಗೆ ವಾಪಸ್ ಬರುತ್ತಾರೆ ಎಂದು ನಾವೆಲ್ಲ ಕಾದರೆ, ಅವರು ಹೋಗಿ ಒಂದು ಜೊತೆ ಬೂಟು ಕೊಂಡರು! ಅದೂ ಬೆಳಿಗ್ಗೆ ಹೋಗಿ. (ಬೂಟನ್ನು ಯಾವಾಗಲೂ ಸಂಜೆಗೆ ಕೊಳ್ಳಬೇಕು, ಓದುಗರೇ. ಆಗ ಕಾಲು ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಯಾರು ಕೇಳುತ್ತಾರೆ?) ಆಮೇಲೆ ಚಾರಣ ಕಲಿಸುವ ಶಿಬಿರವೊಂದಕ್ಕೆ ಸೇರಿ, ಇಪ್ಪತ್ತರ ಹುಡುಗ ಹುಡುಗಿಯರ ನಡುವೆ ಕೂತು ಗಂಟು ಕಟ್ಟುವುದು, ಹೆಜ್ಜೆ ಗುರುತು ಓದುವುದು, ಒದ್ದೆ ಕಟ್ಟಿಗೆಯಲ್ಲಿ ಬೆಂಕಿ ಮಾಡುವುದು ಎಲ್ಲ ಕಲಿತರು.

ಅದಾಗಿ ಒಂದು ಶನಿವಾರ ನನ್ನ ಫೋನಿಗೆ ಈ ಸಂದೇಶ ಬಂತು:

"ವಿಷಯ: ಪೊನ್ಮುಡಿ ಬೆಟ್ಟ. ಹೊರಡುವುದು: ನಾಳೆ ಬೆಳಿಗ್ಗೆ ಐದೂವರೆ. ವಾಪಸ್: ಸಂಜೆ ಐದು. ಆರಕ್ಕೆ ಸುದ್ದಿ ಇಲ್ಲದಿದ್ದರೆ ಹುಡುಕಲು ಹೊರಡುವುದು. ಸ್ವೀಕರಿಸಿದ ಬಗ್ಗೆ ತಿಳಿಸುವುದು."

ನಾನಿರುವುದು ಕೊಚ್ಚಿಯಲ್ಲಿ! ಪಾಲಾರಿವಟ್ಟಂನಲ್ಲಿ ಮನೆ, ವಲ್ಲಾರ್ಪಾಡಂ ಬಂದರಿನ ಕಂಟೇನರ್‌ಗಳಿಗೆ ಹಗ್ಗ, ಸರಕು ಪೇರಿಸುವ ಮರದ ಪ್ಯಾಲೆಟ್ ಒದಗಿಸುವ ವ್ಯಾಪಾರ. ಬರಿಗೈಯಲ್ಲಿ ಬಂದು ಕಟ್ಟಿಕೊಂಡದ್ದು. ಕೂಡಲೇ ಫೋನ್ ಮಾಡಿದೆ.

"ಚಿಕ್ಕಮ್ಮಾ, ನಾನು ರೈಲು ಹತ್ತಿ ಅಲ್ಲಿಗೆ ತಲುಪುವಾಗ ನಾಲ್ಕು ಗಂಟೆ ಕಳೆದಿರ್ತದೆ. ಅಷ್ಟರಲ್ಲಿ ಹುಲಿ ನಿಮ್ಮನ್ನು ತಿಂದು ಕೈ ತೊಳೆದಿರ್ತದೆ."

"ಹುಲಿ ಕೈ ತೊಳೆಯುವುದಿಲ್ಲ ಮಾರಾಯ, ನೆಕ್ಕುತ್ತದೆ. ಶಿಬಿರದಲ್ಲಿ ಮೊದಲ ಪಾಠವೇ ಇದು: ಎಲ್ಲಿಗೆ ಹೋಗ್ತೇವೆ, ಯಾವಾಗ ಬರ್ತೇವೆ ಅಂತ ಒಬ್ಬರಿಗೆ ಹೇಳಿಯೇ ಹೋಗಬೇಕು."

"ದಾರಿ ತೋರಿಸಲು ಅರಣ್ಯ ಇಲಾಖೆಯ ವಾಚರ್ ಇರ್ತಾನಲ್ಲ?"

"ಅವನನ್ನು ಹುಡುಕಲು ಅವನ ಹೆಂಡತಿ ಬರ್ತಾಳೆ. ನನ್ನನ್ನೂ ಅವಳೇ ಹುಡುಕಬೇಕಾ?"

ವ್ಯಾಪಾರಿ ಸುಮ್ಮನಿರಲಿಕ್ಕಾಗುತ್ತದೆಯೇ? ಚೌಕಾಸಿಗೆ ಇಳಿದೆ.

"ಆರು ಬೇಡ, ಎಂಟು ಗಂಟೆ ಮಾಡಿ."

"ಆರು."

"ಏಳೂವರೆ. ನನಗೂ ಬೇಡ, ನಿಮಗೂ ಬೇಡ."

"ಆರೂವರೆ. ಮೇಲೆ ಒಂದು ನಿಮಿಷ ಇಲ್ಲ."

ಇಡೀ ಕೊಚ್ಚಿಯಲ್ಲಿ ಇಷ್ಟು ಹೀನಾಯವಾಗಿ ನನ್ನನ್ನು ಸೋಲಿಸಿದವರು ಬೇರೆ ಯಾರೂ ಇಲ್ಲ!

ಅಂದಿನಿಂದ ಶನಿವಾರ ಸೂಚನಾಪತ್ರ, ಭಾನುವಾರ ಸಂಜೆ "ಬಂದೆ" ಎಂಬ ಒಂದೇ ಪದ, ಅದರ ಕೆಳಗೆ ಷರಾ: "ಕಾಟಿ ಒಂದು, ದೂರದಿಂದ. ಕೆಂದಳಿಲು ಮೂರು. ಜಿಗಣೆ ಅಸಂಖ್ಯ." ಬರಬರುತ್ತಾ ಬೆಟ್ಟಕ್ಕೆ ಮಾತ್ರವಲ್ಲ, ತರಕಾರಿ ಅಂಗಡಿಗೂ ಸೂಚನಾಪತ್ರ ಶುರುವಾಯಿತು. "ವಿಷಯ: ಬೆಂಡೆಕಾಯಿ" ಎಂದು ಬಂದ ದಿನ ನಾನು ಉತ್ತರಿಸಲಿಲ್ಲ. ಸಂಜೆ ಜ್ಞಾಪನಾಪತ್ರ ಬಂತು!

ಇದೇನು ಹುಚ್ಚು ನೋಡೋಣ ಎಂದು ಒಮ್ಮೆ ಜೊತೆಗೆ ಹೋದೆ. ಹಿಂದಿನ ದಿನ ಬೇಸಗೆ ಮಳೆ ಬಿದ್ದಿತ್ತು. ಕಾಡಂಚಿನಲ್ಲಿ ನನ್ನ ಕೈಗೆ ಹಗ್ಗ ಕೊಟ್ಟು, "ಒಂದು ಗಂಟು ಹಾಕು" ಎಂದರು. ಹಾಕಿದೆ. ಎಳೆದರು; ಗಂಟು ನಗುತ್ತಾ ಬಿಚ್ಚಿಕೊಂಡಿತು.

"ಹಗ್ಗ ಮಾರಿಯೇ ಮನೆ ಮಾಡಿದವನಲ್ಲವಾ ನೀನು?"

"ಮಾರುವವನು ಕಟ್ಟುವುದಿಲ್ಲ ಚಿಕ್ಕಮ್ಮ."

"ಕಾಣ್ತದೆ. ಮದುವೆಯ ಗಂಟೂ ಬೀಳಲಿಲ್ಲ."

ನಿಜ. ಹೆಣ್ಣು ನೋಡಲು ಹೋದಲ್ಲೆಲ್ಲ, ಇನ್ನೂ ಒಳ್ಳೆಯದು ಮುಂದೆ ಸಿಕ್ಕೀತು ಎಂದು ಎದ್ದು ಬಂದೆ. ವ್ಯಾಪಾರದಲ್ಲಿ ಈ ಉಪಾಯ ನಡೆಯುತ್ತದೆ. ಮದುವೆಯ ವಿಷಯದಲ್ಲಿ ಅಂಗಡಿಯೇ ಮುಚ್ಚಿಬಿಟ್ಟಿತು.

ಮುಂದೆ ದಾರಿಯಲ್ಲಿ ಆನೆಯ ಲದ್ದಿ. ಚಿಕ್ಕಮ್ಮ ಕೂತು, ಕೋಲಿನಿಂದ ಬಿಡಿಸಿ, ಇಡ್ಲಿ ಬೆಂದಿದೆಯೋ ಎಂದು ನೋಡುವವರ ಹಾಗೆ ಮೇಲೆ ಅಂಗೈ ಹಿಡಿದರು. "ಬೆಳಗ್ಗಿನದು."

"ಆನೆ ಈಗ ಎಲ್ಲಿರಬಹುದು?" ಎಂದೆ, ಸ್ವರ ತಗ್ಗಿಸಿ.

"ಅದು ನಮಗೆ ಗೊತ್ತಿಲ್ಲ. ಗಾಳಿ ಆಚೆ ಬೀಸ್ತಾ ಉಂಟು. ನಾವು ಎಲ್ಲಿದ್ದೇವೆ ಅಂತ ಅದಕ್ಕೆ ಗೊತ್ತುಂಟು, ನಿನ್ನ ತಲೆಯ ಎಣ್ಣೆ ಯಾವ ಕಂಪೆನಿಯದು ಅಂತಲೂ!"

ಅಲ್ಲಿಂದಾಚೆ ಒಂದು ದೊಡ್ಡ ಮರದ ಎದುರು ಎರಡು ಗಂಟೆ ಕೂರಿಸಿದರು. ಮರದ ಪೊಟರೆಯೊಳಗೆ ಮಂಗಟ್ಟೆ ಹಕ್ಕಿಯ ಹೆಣ್ಣು ಬಾಗಿಲು ಮೆತ್ತಿಕೊಂಡು ಮೊಟ್ಟೆಯ ಮೇಲೆ ಕೂತಿರುತ್ತದಂತೆ. ಕೊಕ್ಕು ಹೊರಚಾಚುವಷ್ಟೇ ಸೀಳು. ಗಂಡು ಹಣ್ಣು ತಂದು ಅದರಲ್ಲಿ ಉಣಿಸಬೇಕು.

"ಗಂಡು ಬರದಿದ್ದರೆ?"

"ಅದಕ್ಕೇ ನೋಡ್ತಾ ಇದ್ದೇನೆ" ಎಂದರು, ದುರ್ಬೀನು ಇಳಿಸದೆ. ಕೊನೆಗೆ ರೆಕ್ಕೆಯ ಬಿರುಗಾಳಿ ಎಬ್ಬಿಸಿಕೊಂಡು ಗಂಡು ಬಂತು. ಚಿಕ್ಕಮ್ಮ ಪುಟ್ಟ ಪುಸ್ತಕ ತೆಗೆದು ಬರೆದರು: "ಹನ್ನೊಂದು ನಲವತ್ತು. ಬಂದ." ಹಕ್ಕಿಯ ಬಗ್ಗೆ ಒಂದಕ್ಷರ ಇಲ್ಲ! ಬಣ್ಣ, ಉದ್ದ ಬರೆಯಬೇಡವೇ ಎಂದರೆ, "ಅದೆಲ್ಲ ಪುಸ್ತಕದಲ್ಲಿ ಉಂಟು. ಬಂದದ್ದು ಪುಸ್ತಕದಲ್ಲಿ ಇಲ್ಲ" ಎಂದರು.

ಬೆಟ್ಟ ಇಳಿದ ತಕ್ಷಣ, "ಕಾಲು ತೋರಿಸು" ಎಂದು ಪ್ಯಾಂಟು ಮಡಚಿಸಿ, ಹಿಮ್ಮಡಿಯ ಹಿಂದಿನಿಂದ ಏಳು ಜಿಗಣೆ ಬಿಡಿಸಿದರು. ಇದು ಅವರ ನಿಯಮ. ಜೊತೆಗೆ ಬಂದವರ ಕಾಲು ನೋಡದೆ ಚಾರಣ ಮುಗಿಯುವುದಿಲ್ಲ.

ಆ ಮಳೆಗಾಲದಲ್ಲಿ ಅವರ ಮಂಡಿ ಕೈಕೊಟ್ಟಿತು. ಆರು ತಿಂಗಳು ಬೆಟ್ಟದ ಮಾತೆತ್ತಬೇಡಿ ಎಂದರಂತೆ ಡಾಕ್ಟರು. ತರಕಾರಿಯೂ ಮನೆ ಬಾಗಿಲಿಗೇ ಬರತೊಡಗಿತು. ಸೂಚನಾಪತ್ರ ನಿಂತಿತು. ಪೀಡೆ ತೊಲಗಿತು ಎಂದುಕೊಂಡೆ. ಆದರೆ ಭಾನುವಾರ ಸಂಜೆಯಾದರೆ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ಪಾಲಾರಿವಟ್ಟಂನ ಟ್ರಾಫಿಕ್ಕೆಲ್ಲ ಕಿಟಕಿಯೊಳಗೆ ಬರುತ್ತಿತ್ತು. "ಬಂದೆ" ಮಾತ್ರ ಬರುತ್ತಿರಲಿಲ್ಲ.

ಒಂದು ಭಾನುವಾರ ನನಗೆ ವಲ್ಲಾರ್ಪಾಡಂನಲ್ಲಿ ಕೆಲಸವಿತ್ತು. ಚಿಕ್ಕಮ್ಮನನ್ನು ನಗಿಸೋಣ ಎಂದು ಅವರ ಧಾಟಿಯಲ್ಲೇ ಬರೆದು ಕಳಿಸಿದೆ: "ವಿಷಯ: ವಲ್ಲಾರ್ಪಾಡಂ. ವಾಪಸ್: ಮಧ್ಯಾಹ್ನ ಒಂದು. ಕಾಡುಪ್ರಾಣಿ: ಕ್ರೇನು. ಎರಡೂವರೆಗೆ ಸುದ್ದಿ ಇಲ್ಲದಿದ್ದರೆ ಹುಡುಕಲು ಹೊರಡುವುದು."

ತಕ್ಷಣ ಉತ್ತರ: "ಸ್ವೀಕರಿಸಲಾಗಿದೆ."

ಕೆಲಸ ಮುಗಿಸಿ, ಮನೆಗೆ ಬಂದು, ಊಟ ಮಾಡಿ ಮಲಗಿಬಿಟ್ಟೆ. ಫೋನು ಸತ್ತಿತ್ತು. ನಾಲ್ಕೂವರೆಗೆ ಎದ್ದು ಚಾರ್ಜಿಗೆ ಹಾಕಿದರೆ ಅವರ ಎಂಟು ಕರೆಗಳು ಬಂದುಹೋದ ಸೂಚನೆ ಇತ್ತು. ಕೊನೆಯದು ಸರಿಯಾಗಿ ಎರಡೂವರೆಗೆ. ಗಾಬರಿಯಿಂದ ತಿರುಗಿ ಮಾಡಿದೆ. ಅವರ ಹಿಂದಿನಿಂದ "ಚಾಯ, ಚಾಯ" ಎಂಬ ಕೂಗು.

"ಎಲ್ಲಿದ್ದೀರಿ ಚಿಕ್ಕಮ್ಮ?"

"ಕೊಲ್ಲಂ ದಾಟಿತು."

"ಅಯ್ಯೋ! ನಾನು ಮನೆಯಲ್ಲೇ ಇದ್ದೇನೆ. ನಿದ್ದೆ ಬಂದಿತ್ತು."

"ಬಂದೆ ಅಂತ ಹಾಕಿದ್ಯಾ?"

"ಮರೆತೆ. ಅದು... ತಮಾಷೆಗೆ ಕಳಿಸಿದ್ದಲ್ಲವಾ?"

ರೈಲು ಯಾವುದೋ ಸೇತುವೆ ದಾಟುವ ಸದ್ದು. ಅದು ಮುಗಿದ ಮೇಲೆ ಅವರ ಸ್ವರ:

"ನಾನು ತಮಾಷೆಗೆ ಸ್ವೀಕರಿಸಿರಲಿಲ್ಲ."

ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಹೋಗಿ ಎನ್ನುವುದು ಬುದ್ಧಿವಂತರ ಸಲಹೆ. ಸಲಹೆ ಕೊಡುವುದರಲ್ಲಿ ನಾನು ಹಿಂದೆ ಬಿದ್ದವನೇ ಅಲ್ಲ. ಅಂದು ಮಾತ್ರ ಕೊಡಲಿಲ್ಲ. ಈ ಊರಿಗೆ ಬಂದ ಮೇಲೆ ನಾನು ಮನೆ ಸೇರಿದೆನೋ ಇಲ್ಲವೋ ಎಂದು ಯಾರೂ ಗಡಿಯಾರ ನೋಡಿದ್ದಿಲ್ಲ.

"ರೈಲು ಎಷ್ಟು ಗಂಟೆಗೆ ತಲುಪ್ತದೆ?" ಎಂದಷ್ಟೇ ಕೇಳಿದೆ.

ಎರ್ನಾಕುಳಂ ಸ್ಟೇಷನ್ನಿನಲ್ಲಿ ಚಿಕ್ಕಮ್ಮ ಒಂದೊಂದೇ ಮೆಟ್ಟಿಲಿಗೆ ಕಾಲಿಟ್ಟು ಇಳಿದರು. ಮಂಡಿಗೆ ಪಟ್ಟಿ, ಕೊರಳಲ್ಲಿ ಸೀಟಿ, ಹೆಗಲ ಚೀಲದಲ್ಲಿ ಹಗ್ಗದ ಸುರುಳಿ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕಾಲು ತೋರಿಸು."

ಕಂಟೇನರ್ ಅಂಗಳದಲ್ಲಿ ಎಲ್ಲಿಯ ಜಿಗಣೆ! ಆದರೂ ಅಷ್ಟು ಜನರ ನಡುವೆ ಪ್ಯಾಂಟು ಮಡಿಸಿ, ಎರಡೂ ಕಾಲು ತೋರಿಸಿದೆ. ನೋವಿನಲ್ಲೇ ಬಗ್ಗಿ, ಹಿಮ್ಮಡಿಯ ಹಿಂದೆ ಕೂಡ ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತು, ಆ ಪುಟ್ಟ ಪುಸ್ತಕ ತೆಗೆದು, ಪ್ಲಾಟ್‌ಫಾರ್ಮಿನ ಗಡಿಯಾರ ನೋಡಿ ಬರೆದರು:

"ಏಳು ಹತ್ತು. ಬಂದ."