ಅಳತೆ ತೆಗೆದು ಕೊಂಡ ಸ್ಪೋರ್ಟ್ಸ್ ಬೈಕು

ಮನುಷ್ಯನಿಗೆ ಆಯಾ ವಯಸ್ಸಿನ ಹುಚ್ಚು ಆಗಲೇ ಹಿಡಿದುಬಿಟ್ಟರೆ ಒಳ್ಳೆಯದು. ನನಗೆ ಇಪ್ಪತ್ತಕ್ಕೆ ಹಿಡಿಯಬೇಕಾಗಿದ್ದ ಬೈಕಿನ ಹುಚ್ಚು ನಲವತ್ತೆರಡಕ್ಕೆ ಹಿಡಿಯಿತು. ಇಪ್ಪತ್ತರಲ್ಲಿ ನನಗೆಲ್ಲಿ ಪುರಸೊತ್ತು? ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಹೊಲಿಗೆ ಮಷೀನಿನ ಮುಂದೆ ಕೂತವನು, ಶಹಾಬಜಾರದಲ್ಲಿ ಸ್ವಂತ ಅಂಗಡಿ ಹಾಕುವವರೆಗೆ ತಲೆ ಎತ್ತಲಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನ ಸೊಂಟದ ಅಳತೆ ಹೇಳುವ ಟೇಲರ್ ನಮ್ಮ ಓಣಿಯಲ್ಲಿ ನಾನೊಬ್ಬನೇ.

ಹೀಗಾಗಿ ಶೋರೂಮಿಗೆ ಹೋದಾಗಲೂ ಕೊರಳಲ್ಲಿ ಟೇಪು ಇತ್ತು. ಮನಸ್ಸು ಹೋದದ್ದು ಗೂಳಿಯಂತೆ ಹೆಗಲುಬ್ಬಿದ ಒಂದು ಕೆಂಪು ಗಾಡಿಯ ಮೇಲೆ. ನೆಲದಿಂದ ಸೀಟಿನವರೆಗೆ ಟೇಪು ಹಿಡಿದೆ, ಆಮೇಲೆ ನನ್ನ ಕಾಲಿಗೆ ಹಿಡಿದೆ. ಎರಡು ಇಂಚು ನಾನೇ ಕಡಿಮೆ ಬಿದ್ದೆ. ಪ್ಯಾಂಟು ಉದ್ದವಾದರೆ ಕೆಳಗೆ ಮಡಚಿ ಹೊಲಿಯಬಹುದು, ಬೈಕನ್ನು ಎಲ್ಲಿ ಮಡಚುವುದು? ಜೊತೆಗೆ ಬಂದಿದ್ದ ಮೋಮಿನಪುರದ ಮೆಕ್ಯಾನಿಕ್ ರಶೀದ್ ಭಾಯಿ ಬೆನ್ನು ತಟ್ಟಿದರು. "ಸಹೀ ಮಾಸ್ಟರ್! ಎರಡೂ ಅಂಗಾಲು ನೆಲಕ್ಕ ಮುಟ್ಟಬೇಕು. ಮೊದಲನೇ ಗಾಡಿ ನಾವು ಹೇಳಿದಂಗ ಕೇಳೋದು ಇರಬೇಕು ನೋಡ್ರಿ."

ಅಂತೂ ಸಣ್ಣ ಎಂಜಿನಿನ, ಗಿಡ್ಡ ಸೀಟಿನ ನೀಲಿ ಗಾಡಿ ಬಂತು. ಅದೂ ಸ್ಪೋರ್ಟ್ಸ್ ಬೈಕೇ, ಮುಂದಕ್ಕೆ ಬಾಗಿಯೇ ಕೂಡಬೇಕು. ಬೇರೆಯವರಿಗೆ ಸೊಂಟ ನೋಯಿಸುವ ಆ ಭಂಗಿ ನನಗೆ ಮೂವತ್ತು ವರ್ಷದ ಅಭ್ಯಾಸ. ಇದನ್ನು ಮಾಡಿದವನು ಯಾರೋ ಟೇಲರನನ್ನೇ ಮುಂದೆ ಕೂಡಿಸಿಕೊಂಡು ಮಾಡಿರಬೇಕು ಅನ್ನಿಸಿತು.

ಬೆನ್ನು ಒಪ್ಪಿತು, ಕೈಕಾಲು ಒಪ್ಪಲಿಲ್ಲ. ಹೊಲಿಗೆ ಮಷೀನು ಜೋರಾಗಿ ಓಡಬೇಕೆಂದರೆ ಕಾಲಿನಿಂದ ಒತ್ತಬೇಕು, ನಿಲ್ಲಬೇಕೆಂದರೆ ಬಲ ಅಂಗೈಯನ್ನು ಪಕ್ಕದ ಚಕ್ರದ ಮೇಲಿಡಬೇಕು. ಖಾಲಿ ಮೈದಾನದಲ್ಲಿ ನಾನು ಜೋರು ಹೋಗಲೆಂದು ಕಾಲು ಒತ್ತಿದಾಗಲೆಲ್ಲ ಗಾಡಿ ಗಕ್ಕನೆ ನಿಂತು ಸತ್ತೇ ಹೋಗುತ್ತಿತ್ತು. "ಅರೆ, ಪಾಂವ್ ನಕ್ಕೋ ದಬಾವ್! ಅದು ಬ್ರೇಕ್ ಅದ ಮಾಸ್ಟರ್!" ಎಂದು ರಶೀದ್ ಭಾಯಿ ಹಿಂದೆ ಓಡಿ ಬರುತ್ತಿದ್ದರು. ಒಮ್ಮೆ ಎದುರಿಗೆ ಎಮ್ಮೆ ಬಂತು. ನನ್ನ ಬಲಗೈ ಹ್ಯಾಂಡಲ್ ಬಿಟ್ಟು ಗಾಳಿಯಲ್ಲಿ ಚಕ್ರ ಹುಡುಕಿತು. ಎಮ್ಮೆ ಉಳಿಯಿತು, ನಾನು ಮಣ್ಣಿನ ಗುಡ್ಡೆಯೊಳಗೆ ಹೋದೆ.

ಮಣ್ಣಾದ ಅಂಗಿ ನೋಡಿ ಹೆಂಡತಿ ಮಹಾದೇವಿ ತೀರ್ಪು ಕೊಟ್ಟಳು. "ಒಬ್ರೇ ನಮ್ಮ ತವರಿಗೆ, ಕಮಲಾಪುರಕ್ಕ ಹೋಗಿ ತೋರಸ್ರಿ. ಗಾಡಿಗಾಗಲಿ ನಿಮಗಾಗಲಿ ಒಂದು ಗೀರು ಬಿತ್ತಂದ್ರ, ಗಾಡಿ ನಮ್ಮ ತಮ್ಮಗ."

ಒಂದು ತಿಂಗಳು ದಿನಾ ಬೆಳಿಗ್ಗೆ ಕೈಕಾಲಿಗೆ ಬ್ರೇಕಿನ ಪಾಠ ಹೇಳಿಸಿದೆ. ಮಂಗಳವಾರ ಅಂಗಡಿ ಮುಚ್ಚಿ, ಓಣಿಯವರು ನಕ್ಕರೂ ಹೆಲ್ಮೆಟ್ ಹಾಕಿ ಹೊರಟೆ. ಸಾಕ್ಷಿಗೆಂದು ಮಹಾದೇವಿ ನನ್ನ ಹಿಂದೆಯೇ ಬಸ್ಸು ಹತ್ತಿದಳು. ಅರ್ಧ ದಾರಿಯಲ್ಲಿ ಆ ಬಸ್ಸು ನನ್ನನ್ನು ಹಿಂದೆ ಹಾಕಿತು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್, ನನ್ನ ಹತ್ತಿರವೇ ಅಂಗಿ ಹೊಲಿಸುವವನು, "ಏನ್ರೀ ಮಾಸ್ಟರ, ಗಾಡಿ ಹೊಡ್ಯಾಕತ್ತೀರೋ, ಹೊಲ್ಯಾಕತ್ತೀರೋ?" ಎಂದು ಕೂಗಿದ. ಇಡೀ ಬಸ್ಸು ನಕ್ಕಿತು. ನನ್ನ ಬಲಗೈ ತುರಿಸಿತು. ಒಮ್ಮೆ ಎಕ್ಸಲರೇಟರ್ ತಿರುವಿದರೆ ಬಸ್ಸಿನ ಮುಂದೆ! ಆದರೆ ಮುಂದೆ ರಸ್ತೆಯ ತಿರುವು ಇತ್ತು, ತಿರುವಿನಲ್ಲಿ ಜಲ್ಲಿ ಇತ್ತು, ಗಾಡಿಗಾಗಿ ಕಾದಿರುವ ಭಾವಮೈದುನನ ಮುಖವೂ ಕಣ್ಣಮುಂದೆ ಬಂತು. ವೇಗ ಇಳಿಸಿದೆ.

ತಿರುವು ದಾಟಿದರೆ ಕೆಂಪು ಬಾಳೆಗೊನೆ ತುಂಬಿದ ಟ್ರ್ಯಾಕ್ಟರ್ ರಸ್ತೆಗೆ ಅಡ್ಡ ನಿಂತಿತ್ತು. ಬಸ್ಸು ಕಿರುಚಿಕೊಂಡು ಅದರ ಮೂಗಿನ ಹತ್ತಿರ ನಿಂತಿತ್ತು, ಒಳಗಿನವರು ಒಬ್ಬರ ಮಡಿಲಲ್ಲಿ ಒಬ್ಬರು. ನಾನು ಎರಡೂ ಬ್ರೇಕು ಮೆತ್ತಗೆ ಹಿಡಿದು, ಎರಡೂ ಅಂಗಾಲು ಊರಿ ನಿಂತೆ. ಮಹಾದೇವಿ ಸೆರಗು ಸರಿಮಾಡಿಕೊಳ್ಳುತ್ತ ಬಸ್ಸಿಳಿದು ಸೀದಾ ಬಂದು ನನ್ನ ಹಿಂದೆ ಕೂತಳು. "ಟಿಕೆಟ್ ಕಮಲಾಪುರ ತನಕ ಅದ ಅಕ್ಕಾ!" ಎಂದ ಕಂಡಕ್ಟರ್. "ನೀನ ಇಟ್ಕೋ" ಎಂದಳು. ಉಳಿದ ದಾರಿಯುದ್ದಕ್ಕೂ ನನ್ನ ಎದೆ ಅಳತೆ ಎರಡು ಇಂಚು ಹೆಚ್ಚಾಗಿತ್ತು.

ತವರಿನ ಬಾಗಿಲಲ್ಲಿ ಅತ್ತೆ ಗಾಬರಿಯಾಗಿ, "ಇಂಥ ಗಾಡಿ ಮ್ಯಾಲ ಕುಂತು ಬಂದ್ಯಾ? ಅಂಜಿಕಿ ಬರಲಿಲ್ಲೇನ?" ಎಂದು ಕೇಳಿದರು.

"ಬಸ್ಸಿನವ ಭಾಳ ಜೋರ್ ಹೊಡಿತಾನ ಯವ್ವ, ಜೀವ ಕೈಯಾಗ ಬಂದಿತ್ತು. ಇವರದೇನು ಚಿಂತಿಲ್ಲ, ಎತ್ತಿನ ಗಾಡ್ಯಾಗ ಕುಂತಂಗ ಇತ್ತು."

ಸ್ಪೋರ್ಟ್ಸ್ ಬೈಕಿನ ಎದುರಿಗೇ ಆಡುವ ಮಾತೇ ಇದು? ಪಾಪ, ಅದಕ್ಕೆಷ್ಟು ಬೇಸರವಾಯಿತೋ ಎಂದು ನಾನು ಚಹಾ ಬಿಟ್ಟು ಹೊರಗೆ ಹೋಗಿ, ಅದರ ಟ್ಯಾಂಕು ಒರೆಸುತ್ತ ಬಹಳ ಹೊತ್ತು ನಿಂತೆ.