ಮುರುಮದ ಗಾಬರಿ, ನಿಲಂಗಾದ ಗಾಬರಿ

ನಾನು ಒಳ್ಳೆಯ ಮನುಷ್ಯನೆಂದು ನಿಲಂಗಾದಲ್ಲಿ ಹೆಸರಿದೆ. ನಿಜ ಹೇಳಲೇ? ನಾನು ಬರೀ ಅಂಜುಬುರುಕ. ನನ್ನ ಬಟ್ಟೆ ಅಂಗಡಿಯಲ್ಲಿ ಜಂಪರಿನ ಅರಿವೆ ಕತ್ತರಿಸುವಾಗ ನಾಲ್ಕು ಬೆರಳು ಹೆಚ್ಚೇ ಬಿಡುತ್ತೇನೆ. ಗಿರಾಕಿಗಳು ಅದನ್ನು ದೊಡ್ಡ ಮನಸ್ಸು ಎನ್ನುತ್ತಾರೆ. ಎಲ್ಲಿ ಕಡಿಮೆ ಬಿದ್ದು ಜಗಳಕ್ಕೆ ಬರುತ್ತಾರೋ ಎಂಬ ಗಾಬರಿ ನನ್ನದು. ಯಾರದೇ ಮದುವೆಗೂ ಎಲ್ಲರಿಗಿಂತ ಮೊದಲು ಹೋಗುತ್ತೇನೆ; ಅದನ್ನು ಆತ್ಮೀಯತೆ ಎನ್ನುತ್ತಾರೆ. ಬಸ್ಸು ತಪ್ಪೀತೆಂದು ಅದಕ್ಕಿಂತ ಮೊದಲಿನ ಬಸ್ಸಿಗೇ ಹೊರಟಿರುತ್ತೇನೆ, ಅಷ್ಟೇ. ಎದೆ ಡವಡವ ಎನ್ನುತ್ತದೆಂದು ಡಾಕ್ಟರರ ಬಳಿ ಹೋದರೆ, "ಸಾವಕಾರ್ರ, ಇದು ರೋಗ ಅಲ್ಲ ರೀ, ನಿಮ್ಮ ಸ್ವಭಾವ. ಇದಕ್ಕ ಗುಳಗಿ ಇಲ್ಲ" ಎಂದರು. ಇದ್ದರೂ ನುಂಗಲು ಹೆದರುತ್ತಿದ್ದೆ. ಗಾಬರಿ ತೆಗೆದರೆ ನನ್ನಲ್ಲಿ ಉಳಿಯುವುದಾದರೂ ಏನು?

ಹೋದ ತಿಂಗಳು ಮಗಳು ಗೌರಿಯನ್ನು ನೋಡಲು ಮುರುಮದವರು ಬರುವವರಿದ್ದರು. ಹನ್ನೊಂದಕ್ಕೆ ಬಂದು ಈರುಳ್ಳಿ ಅವಲಕ್ಕಿಯ ಕಾಂದಾ-ಪೋಹೆ ತಿಂದು ಹೋಗುವುದೆಂದು ಮಾತಾಗಿತ್ತು. ಹುಡುಗ ಉಮರ್ಗಾದಲ್ಲಿ ಮಾಸ್ತರ. ಅವನೂ ಗೌರಿಯೂ ಫೋನಿನಲ್ಲೇ ಅರ್ಧ ಒಪ್ಪಿಕೊಂಡಿದ್ದರು. ಈ ಸಂಬಂಧ ಕೈತಪ್ಪೀತೆಂದು ನನಗೆ ಮೂರು ದಿನ ಊಟ ಸೇರಲಿಲ್ಲ. ಆ ದಿನ ಎಂಟೂವರೆಗೆ ಪೂಜೆಗೆ ಕೂಡಲೆಂದು ಹಣೆಗೆ ಅರ್ಧ ವಿಭೂತಿ ಹಚ್ಚಿದ್ದೆ. ಹೆಂಡತಿ ಓಡಿಬಂದಳು. "ಏಳ್ರೀ, ಪಾಹುಣ್ಯಾರು ಬಂದ್ರು! ನಾ ಇನ್ನಾ ಉಳ್ಳಾಗಡ್ಡಿನೇ ಹೆಚ್ಚಿಲ್ಲ!"

ಬಾಗಿಲಲ್ಲಿ ಹುಡುಗನ ತಂದೆ ಕೈಮುಗಿದು ನಿಂತಿದ್ದರು. "ದಾರ್ಯಾಗ ಟಾಯರ್ ಪಂಕ್ಚರ್ ಆದ್ರ ಹೆಂಗ ಅಂತ ಲಗೂನೇ ಹೊಂಟ್ವಿ ರೀ. ಪಂಕ್ಚರೇ ಆಗಲಿಲ್ಲ ನೋಡ್ರಿ!" ಒಳಗೆ ಬಂದವರು, ಫ್ಯಾನು ತಲೆಯ ಮೇಲೆ ಬಿದ್ದೀತೆಂದು ಖುರ್ಚಿ ಸರಿಸಿದರು. "ಗ್ಯಾಸ್ ಬಂದ್ ಮಾಡೀರಿಲ್ಲೋ, ವೈನಿ?" ಎಂದು ಅಡುಗೆಮನೆಯತ್ತ ಎರಡು ಸಲ ಕೂಗಿದರು. ಪೋಹೆಯ ಶೇಂಗಾ ಗಂಟಲಲ್ಲಿ ಸಿಕ್ಕೀತೆಂದು ಒಂದೊಂದೇ ಆರಿಸಿ ಬದಿಗಿಟ್ಟರು. ಹುಡುಗ ಮಾತ್ರ ತಣ್ಣಗೆ ಎರಡು ಪ್ಲೇಟು ತಿಂದು, ಅಪ್ಪನ ಶೇಂಗಾವನ್ನೂ ಮುಗಿಸಿದ. ಗೌರಿ ಮುಖ ತಿರುಗಿಸಿ ನಕ್ಕಳು. "ಹುಡುಗಿ ನಮಗ ಪಸಂತ ರೀ" ಎಂದು ಹೇಳಿ ಅವರು ಹೊರಟರು.

ಗಾಡಿ ಮೂಲೆ ತಿರುಗಿದ್ದೇ ತಡ, ನಾನು ತಲೆ ಹಿಡಿದುಕೊಂಡು ಕುಳಿತೆ. "ಹುಡುಗ ಬಂಗಾರ. ಆದ್ರ ಆ ಮಾವ! ಅಂಥಾ ಮನಿಷ್ಯಾನ ಮನ್ಯಾಗ ನನ್ನ ಕೂಸು ಹೆಂಗ ಬಾಳೇ ಮಾಡಬೇಕು? ಬ್ಯಾಡ, ಈ ಸಂಬಂಧ ಬ್ಯಾಡ."

ಹೆಂಡತಿ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಗೌರಿ ಪ್ಲೇಟು ಎತ್ತುತ್ತಾ ಹೇಳಿದಳು: "ಅಪ್ಪಾ, ಇಪ್ಪತ್ತಾರು ವರ್ಷ ನಿನ್ನ ಜೋಡಿ ತಾಲೀಮು ಮಾಡೀನಿ. ಬ್ಯಾರೆ ಮಾವ ಸಿಕ್ರ ನನಗ ಬ್ಯಾಸರಾಗ್ತದ."

ಅಂದೇ ಮುರುಮಕ್ಕೆ ಒಪ್ಪಿಗೆ ಹೋಯಿತು. ಮುರಿಯಲು ಹೊರಟಿದ್ದವನು ನಾನು. ಆದರೆ ಈ ಸಂಬಂಧ ಕುದುರಿಸಿದವನೂ ನಾನೇ ಎಂದು ಹೆಂಡತಿ ಕಂಡವರಿಗೆಲ್ಲ ಹೇಳುತ್ತಿದ್ದಾಳೆ.